ಚಿನ್ನ, ಬೆಳ್ಳಿ, ಪ್ಲಾಟಿನಂ ಮೂರಕ್ಕೂ ಒಂದೇ ಎಚಿಂಗ್ ಆಸಿಡ್ ನಡೀತದಾ?

ನೀವು ಕೇಳಿದ್ದು ಇಷ್ಟು: ಕಾರವಾರದಲ್ಲಿ ಓದ್ತಾ ಇದ್ದೀರಿ, ಪ್ರಾಜೆಕ್ಟಿಗೆ ಅಂತ ಬೆಸುಗೆ ಹತ್ರ ತುಂಡಾದ 22 ಕ್ಯಾರೆಟ್ ಕರಿಮಣಿ ಸರದ ಚೂರು, ಒಂದು ಬೆಳ್ಳಿ ಗೆಜ್ಜೆ ತುಂಡು, ಸ್ವಲ್ಪ ಪ್ಲಾಟಿನಂ ತಂತಿ ಇದೆ, ಎಚಿಂಗ್ ಮಾಡಿ, ಅಂದ್ರೆ ಆಸಿಡಿಂದ ಲೋಹದ ಮೇಲ್ಮೈ ಸ್ವಲ್ಪ ತಿನ್ನಿಸಿ, ಮೈಕ್ರೋಸ್ಕೋಪಲ್ಲಿ ಒಳಗಿನ ರಚನೆ ನೋಡ್ಬೇಕು, ಮೂರಕ್ಕೂ ಅಕ್ವಾ ರೀಜಿಯಾ (ಚಿನ್ನ ಕರಗಿಸೋ ಆಸಿಡ್ ಮಿಶ್ರಣ) ಸಾಕಾ ಇಲ್ಲಾ ಶೇಟ್ರ (ಅಕ್ಕಸಾಲಿಗರ) ಅಂಗಡಿಯ ಟೆಸ್ಟಿಂಗ್ ಆಸಿಡ್ಡೇ ಆಗ್ತದಾ ಅಂತ.

ಎರಡಕ್ಕೂ ಉತ್ತರ ‘ಆಗೂದಿಲ್ಲ’ ಅಂತ್ಲೇ. ನಾನು ಶಿರಸಿ ಕಡೆಯವ, ಲೋಹ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ, ಈ ವಿಷಯ ನಂಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಮೊದ್ಲು ಶೇಟ್ರ ಆಸಿಡ್ ವಿಷಯ ಮುಗಿಸ್ತೇನೆ. ಅವ್ರು ಒರೆಗಲ್ಲಿನ ಮೇಲೆ ಗೆರೆ ಎಳೆದು ಆಸಿಡ್ ಹಾಕೂದು ಆ ಗೆರೆ ಕರಗ್ತದಾ ಉಳೀತದಾ ಅಂತ ನೋಡಿ ಎಷ್ಟು ಕ್ಯಾರೆಟ್ ಅಂತ ಹೇಳ್ಲಿಕ್ಕೆ. ನಮಗೆ ಬೇಕಾದ್ದು ಬೇರೆ, ಲೋಹದ ಹರಳು (ಒಳಗಿನ ಸಣ್ಣ ಸಣ್ಣ ಸ್ಫಟಿಕ ಕಣ) ಹರಳಿನ ನಡುವಿನ ಗಡಿ ಕಾಣ್ಬೇಕು, ಅದಕ್ಕೆ ಎಲ್ಲಾ ಕಡೆ ಒಂದೇ ಸಮ ಕರಗಿದ್ರೆ ಪ್ರಯೋಜನ ಇಲ್ಲ, ಗಡಿಯಲ್ಲಿ ಸ್ವಲ್ಪ ಜಾಸ್ತಿ, ಹರಳಿನ ಮೇಲೆ ಸ್ವಲ್ಪ ಕಮ್ಮಿ ತಿನ್ಬೇಕು. ಆ ಬಾಟ್ಲಿಯಲ್ಲಿ ಯಾವ ಆಸಿಡ್ ಎಷ್ಟಿದೆ, ಎಷ್ಟು ಹಳತು ಅಂತ ಗೊತ್ತಿಲ್ದೇ ಬಳಸಿದ್ರೆ ಬಂದ ಫೋಟೋ ನೋಡಿ ಏನೂ ಹೇಳ್ಲಿಕ್ಕೆ ಬರೂದಿಲ್ಲ.

ಈಗ ಚಿನ್ನ. 22 ಕ್ಯಾರೆಟ್ ಅಂದ್ರೆ ನೂರಕ್ಕೆ 91.6 ಚಿನ್ನ, ಉಳಿದದ್ದು ಹೆಚ್ಚಾಗಿ ಬೆಳ್ಳಿ ಮತ್ತೆ ತಾಮ್ರ. ಇದಕ್ಕೆ ಅಕ್ವಾ ರೀಜಿಯಾ ಅಡ್ಡಿಲ್ಲ, ಹೈಡ್ರೋಕ್ಲೋರಿಕ್ ಮೂರು ಪಾಲು ನೈಟ್ರಿಕ್ ಒಂದು ಪಾಲು, ಆಗಷ್ಟೇ ಮಾಡಿದ್ದು, ಫ್ಯೂಮ್ ಹುಡ್ (ವಿಷದ ಹೊಗೆ ಹೊರಗೆ ಎಳೆಯೋ ಗೂಡು) ಒಳಗೆ. ಕೆಲವು ಸೆಕೆಂಡ್ ಅದ್ದಿ, ನೀರಲ್ಲಿ ತೊಳೆದು, ಆಲ್ಕೋಹಾಲ್ ಹಾಕಿ, ಬಿಸಿ ಗಾಳಿಯಲ್ಲಿ ಒಣಗಿಸಿ ನೋಡಿ, ಸಾಲದಿದ್ರೆ ಮತ್ತೆ ಅದ್ದಿ. ಕನ್ನಡಿ ಹೊಳಪು ಸ್ವಲ್ಪ ಮಂಕಾದ ಕೂಡ್ಲೇ ನಿಲ್ಲಿಸ್ಬೇಕು. ಸ್ಟೀಲ್ ಚಿಮಟ ಹಾಕ್ಬೇಡಿ, ಪ್ಲಾಸ್ಟಿಕ್ ಅಥವಾ ಟೆಫ್ಲಾನ್ ಚಿಮಟ ತಗೊಳ್ಳಿ. ಮಿಕ್ಕಿದ ಆಸಿಡ್ ಬಾಟ್ಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿ ಇಡೂದಂತೂ ಬೇಡವೇ ಬೇಡ, ಕ್ಲೋರಿನ್ ಮತ್ತೆ ನೈಟ್ರೋಸಿಲ್ ಕ್ಲೋರೈಡ್ ಗ್ಯಾಸ್ ಹುಟ್ತಾ ಇರ್ತದೆ, ಬಾಟ್ಲಿ ಒಡೀತದೆ.

ನಿಮ್ಮ ಸ್ಯಾಂಪಲ್ಲಲ್ಲಿ ನಿಜವಾದ ತೊಡಕಿರೂದು ಬೆಸುಗೆಯಲ್ಲಿ. ಸರದ ಕೊಂಡಿ ಒಂದು ಮಿಶ್ರಲೋಹ, ಬೆಸುಗೆ ಇನ್ನೊಂದು, ಬೇಗ ಕರಗ್ಲಿ ಅಂತ ಬೆಸುಗೆಯಲ್ಲಿ ಚಿನ್ನ ಕಮ್ಮಿ ಮಾಡಿ ಬೆಳ್ಳಿ, ತಾಮ್ರ, ಸತು ಜಾಸ್ತಿ ಹಾಕಿರ್ತಾರೆ, ಹಳೇ ಕೆಡಿಎಂ ಕಾಲದ್ದಾದ್ರೆ ಕ್ಯಾಡ್ಮಿಯಂ ಇರ್ತದೆ. ಬೆಳ್ಳಿ ಜಾಸ್ತಿ ಇದ್ದಲ್ಲಿ ಅಕ್ವಾ ರೀಜಿಯಾ ತಾಗಿದ ಕೂಡ್ಲೇ ಬೆಳ್ಳಿ ಕ್ಲೋರೈಡಿನ ಬಿಳಿ ಪದರ ಕೂತ್ಕೊಳ್ತದೆ, ಆಮೇಲೆ ಆಸಿಡ್ ಒಳಗೆ ಇಳಿಯೂದಿಲ್ಲ. ಕೊಂಡಿಯಲ್ಲಿ ಹರಳು ಚೆನ್ನಾಗಿ ಕಂಡು ಬೆಸುಗೆ ಮಾತ್ರ ಬೂದು ಬೂದು ಕಂಡ್ರೆ ಅದು ಬೆಸುಗೆಯ ದೋಷ ಅಂತ ರಿಪೋರ್ಟ್ ಬರೀಬೇಡಿ, ಎಚಿಂಗ್ ಕೆಲಸ ಮಾಡ್ಲಿಲ್ಲ ಅಂತ ಅರ್ಥ. ಸ್ಯಾಂಪಲ್ ತುಂಬಾ ಚೆನ್ನಾಗಿ ತೊಳೆದು ಒಂದ್ಸಲ ಅಮೋನಿಯಾದಲ್ಲಿ ಅದ್ದಿದ್ರೆ ಆ ಪದರ ಕರಗ್ತದೆ.

ಪುಸ್ತಕದಲ್ಲಿ ಇದಕ್ಕೆ ಇನ್ನೊಂದು ದ್ರಾವಣ ಕೊಟ್ಟಿರ್ತಾರೆ, ಪೊಟ್ಯಾಶಿಯಂ ಸಯನೈಡ್ 10 ಪರ್ಸೆಂಟ್, ಅಮೋನಿಯಂ ಪರ್‌ಸಲ್ಫೇಟ್ 10 ಪರ್ಸೆಂಟ್, ಬಳಸುವಾಗ ಸಮ ಪಾಲು ಬೆರೆಸೂದು. ಚಿನ್ನಕ್ಕೂ ಬೆಳ್ಳಿಗೂ ಎರಡಕ್ಕೂ ಚೆನ್ನಾಗಿ ಹಿಡೀತದೆ ನಿಜ, ಪರ್‌ಸಲ್ಫೇಟ್ ಲೋಹವನ್ನ ಆಕ್ಸಿಡೈಸ್ ಮಾಡ್ತದೆ, ಸಯನೈಡ್ ಅದನ್ನ ಹಿಡ್ಕೊಂಡು ನೀರಿಗೆ ಇಳಿಸ್ತದೆ. ರಾಯಚೂರಿನ ಹಟ್ಟಿ ಗಣಿಯಲ್ಲಿ ಅದಿರಿಂದ ಚಿನ್ನ ತೆಗೆಯೂದೂ ಸಯನೈಡಿಂದ್ಲೇ, ಅಲ್ಲಿ ಗಾಳಿಯ ಆಕ್ಸಿಜನ್ ಸಾಕಾಗ್ತದೆ. ಆದ್ರೆ ಕಾಲೇಜ್ ಪ್ರಾಜೆಕ್ಟಿಗೆ ದಯವಿಟ್ಟು ಇದಕ್ಕೆ ಕೈ ಹಾಕ್ಬೇಡಿ. ಅದೇ ಟೇಬಲ್ ಮೇಲೆ ಆಸಿಡ್ ಇರ್ತದೆ, ಸಯನೈಡಿಗೆ ಆಸಿಡ್ ತಾಗಿದ್ರೆ ಹೈಡ್ರೋಜನ್ ಸಯನೈಡ್ ಗ್ಯಾಸ್, ಅದು ಜೀವ ತೆಗೀತದೆ. ಬೇರೆ ಹುಡ್, ಬೇರೆ ಪಾತ್ರೆ, ಗೊತ್ತಿದ್ದವ್ರು ಪಕ್ಕದಲ್ಲಿ, ಇಷ್ಟೂ ಇರೋ ಲ್ಯಾಬಿಗೆ ಮಾತ್ರ ಅದು.

ಬೆಳ್ಳಿ ಗೆಜ್ಜೆಗೆ ಅಮೋನಿಯಾ ಮತ್ತೆ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಅಮೋನಿಯಾ 50 ಎಂಎಲ್, 3 ಪರ್ಸೆಂಟ್ ಪೆರಾಕ್ಸೈಡ್ 20ರಿಂದ 50 ಎಂಎಲ್, ಹತ್ತಿಯಲ್ಲಿ ಮೆಲ್ಲಗೆ ಒರೆಸೂದು, ಸೆಕೆಂಡ್ ಲೆಕ್ಕದಲ್ಲಿ ಆಗ್ತದೆ. ಸ್ಟರ್ಲಿಂಗ್ ಅಂದ್ರೆ 92.5 ಬೆಳ್ಳಿ 7.5 ತಾಮ್ರ, ಗೆಜ್ಜೆ ಎಲ್ಲಾ ಅಷ್ಟು ಶುದ್ಧ ಇರ್ತದೆ ಅಂತ ಮೊದ್ಲೇ ನಂಬ್ಬೇಡಿ, ತಾಮ್ರ ಎಷ್ಟಿದೆ ನೋಡಿ ಪೆರಾಕ್ಸೈಡ್ ಹೆಚ್ಚು ಕಮ್ಮಿ ಮಾಡ್ಬೇಕು. ಪೆರಾಕ್ಸೈಡ್ ನಮ್ಮ ಕರಾವಳಿ ಸೆಖೆಗೆ ಬೇಗ ಸತ್ವ ಕಳ್ಕೊಳ್ತದೆ, ಹಳೇ ಬಾಟ್ಲಿ ಇಟ್ಕೊಂಡು ಎಚ್ ಆಗ್ತಾ ಇಲ್ಲ ಅಂತ ಹೊತ್ತು ಹಾಳು ಮಾಡ್ಬೇಡಿ. ಇನ್ನೊಂದು, ಕೆಲಸ ಆದ್ಮೇಲೆ ಈ ದ್ರಾವಣ ಇಟ್ಕೊಳ್ಳೋ ಹಾಗೇ ಇಲ್ಲ, ಬೆಳ್ಳಿ ಕರಗಿದ ಅಮೋನಿಯಾ ನಿಂತು ಒಣಗಿದ್ರೆ ಮುಟ್ಟಿದ್ರೆ ಸಿಡಿಯೋ ಕಪ್ಪು ಪುಡಿ ಆಗ್ತದೆ. ಮೇಲೆ ಹೇಳಿದ ಬಿಳಿ ಪದರ ತೆಗ್ದ ಅಮೋನಿಯಾಕ್ಕೂ ಇದೇ ಮಾತು. ಅವತ್ತಿಂದ ಅವತ್ತೇ ನೀರು ಜಾಸ್ತಿ ಮಾಡಿ, ನಿಧಾನಕ್ಕೆ ತೆಳು ಆಸಿಡ್ ಹಾಕಿ ಆಮ್ಲೀಯ ಮಾಡಿ, ಲ್ಯಾಬಿನ ವೇಸ್ಟ್ ಡಬ್ಬಿಗೆ.

ಪ್ಲಾಟಿನಂ ಮಾತ್ರ ಹಟಮಾರಿ. ತಣ್ಣಗಿನ ಅಕ್ವಾ ರೀಜಿಯಾಕ್ಕೆ ಅಷ್ಟಾಗಿ ಬಗ್ಗೂದಿಲ್ಲ, ಬಿಸಿ ಮಾಡಿದ್ರೆ ಹೊಗೆ ತಡೆಯೂಕಾಗೂದಿಲ್ಲ. ಅದಕ್ಕೆ ಉಪ್ಪು ಕರಗಿಸಿದ ಹೈಡ್ರೋಕ್ಲೋರಿಕ್ ಆಸಿಡ್ ದ್ರಾವಣದಲ್ಲಿ ಕೆಲವೇ ವೋಲ್ಟ್ ಎಸಿ ಕರೆಂಟ್ ಕೊಟ್ಟು ಎಚ್ ಮಾಡ್ತಾರೆ, ಇನ್ನೊಂದು ಎಲೆಕ್ಟ್ರೋಡಿಗೆ ಗ್ರಾಫೈಟ್ ಆಗ್ತದೆ. ತಂತಿಯನ್ನ ಪಾಲಿಶ್ ಮಾಡೂಕೆ ಹಿಡಿತ ಸಿಗ್ಲಿ ಅಂತ ರೆಸಿನ್ನಲ್ಲಿ (ಗಟ್ಟಿಯಾಗೋ ಪ್ಲಾಸ್ಟಿಕ್ ಅಂಟು) ಕೂರಿಸುವಾಗ್ಲೇ ಹಿಂದಿನಿಂದ ಕರೆಂಟ್ ಹೋಗೂಕೆ ದಾರಿ ಬಿಟ್ಕೊಳ್ಳಿ. ಇಲ್ಲೂ ಕ್ಲೋರಿನ್ ಬರ್ತದೆ, ಹುಡ್ ಬೇಕೇ ಬೇಕು.

ಆಸಿಡ್ ಎಷ್ಟೇ ಸರಿಯಾದ್ದು ಆರಿಸಿದ್ರೂ ಪಾಲಿಶ್ ಸರಿ ಇಲ್ದಿದ್ರೆ ಕಾಣೂದು ಗೀರು ಮಾತ್ರ. ಈ ಲೋಹಗಳು ಮೆತ್ತಗೆ, ಎಮರಿ ಪೇಪರಿನ ಕಣ ಒಳಗೇ ಹುಗೀತದೆ, ಮೇಲಿನ ಪದರ ಬೆಣ್ಣೆ ಸವರಿದ ಹಾಗೆ ಎಳೆದುಕೊಂಡು ಕೆಳಗಿನದ್ದನ್ನೆಲ್ಲಾ ಮುಚ್ತದೆ. ಹಾಗಾಗಿ 1 ಮೈಕ್ರಾನ್ ಡೈಮಂಡ್ ಪೇಸ್ಟ್ ವರೆಗೆ ಬಂದ್ಮೇಲೆ ಸಣ್ಣಕೆ ಎಚ್ ಮಾಡಿ, ಮತ್ತೆ ಪಾಲಿಶ್ ಮಾಡಿ ಅದನ್ನ ಅಳಿಸಿ, ಮತ್ತೆ ಎಚ್ ಮಾಡಿ, ಹೀಗೆ ಎರಡು ಮೂರು ಸುತ್ತು ಆದ್ಮೇಲೆ ಕಾಣೂದೇ ನಿಜವಾದ ರಚನೆ.

ಮತ್ತೆ ಎಚ್ ಮಾಡೂಕೆ ಮೊದ್ಲೇ ಒಂದು ಸೆಟ್ ಫೋಟೋ ತೆಗೀರಿ. ಬಿರುಕು, ತೂತು, ಬೆಸುಗೆ ಹರಿಯದೇ ಬಿಟ್ಟ ಜಾಗ, ಬೆಳ್ಳಿಯಲ್ಲಿ ಬೆಂಕಿಗೆ ಆದ ತಾಮ್ರದ ಆಕ್ಸೈಡ್ ಪದರ, ಇವೆಲ್ಲಾ ಆಸಿಡ್ ಇಲ್ದೇ ಕಾಣ್ತವೆ, ಆಸಿಡ್ ಹಾಕಿದ್ಮೇಲೆ ತೂತು ಮೊದ್ಲಿಂದ ಇತ್ತಾ ಆಸಿಡ್ ಮಾಡಿದ್ದಾ ಹೇಳೂದು ಕಷ್ಟ. ನಿಮ್ಮ ಸರ ಯಾಕೆ ತುಂಡಾಯ್ತು ಅನ್ನೂದಕ್ಕೆ ಉತ್ತರ ಅಲ್ಲೇ ಸಿಕ್ಕಿದ್ರೂ ಸಿಗ್ಬಹುದು. ಬೆಸುಗೆಯ ಪುಡಿ ಯಾವ್ದು ಅಂತ ಮಾಡಿದವ್ರ ಹತ್ರ ಕೇಳಿ ಇಲ್ಲಿ ಬರೀರಿ, ಚಿನ್ನದ ಎಚಿಂಗಿಗೆ ಅಕ್ವಾ ರೀಜಿಯಾಕ್ಕೆ ನೀರು ಬೆರೆಸ್ಬೇಕಾ, ಬೆರೆಸಿದ್ರೆ ಎಷ್ಟು ಅಂತ ಅದನ್ನ ನೋಡಿ ಹೇಳ್ತೇನೆ.