ಹೆಸರು ಗೊತ್ತಿಲ್ಲದವರಿಗಾಗಿ ಅಳುವುದು

ಆರ್ಕುಟ್ 2014ರ ಸೆಪ್ಟೆಂಬರ್ 30ರಂದು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಮುಚ್ಚಿದವು. ಅಂಥ ಆನ್‌ಲೈನ್ ಬಳಗಗಳು ನಿಂತಾಗ ಕಂಗೆಡುವವರು ಆಪ್ತಸಲಹೆಗೆ ಬರುವುದು ಅಪರೂಪವಲ್ಲ. ಆದರೆ ಬಹುತೇಕರು ನಿದ್ರೆ ಬರುತ್ತಿಲ್ಲವೆಂದೋ ಸಿಟ್ಟು ಹೆಚ್ಚಾಗಿದೆಯೆಂದೋ ಹೇಳುತ್ತಾರೆಯೇ ಹೊರತು ನಿಜವಾದ ಕಾರಣವನ್ನು ಹೇಳುವುದಿಲ್ಲ. ಹಾಗೆ ನನ್ನಲ್ಲಿಗೆ ಆಪ್ತಸಲಹೆಗೆ ಬಂದ ಒಬ್ಬರ ಕಥೆ ಇದು; ಗುರುತಿನ ವಿವರಗಳನ್ನು ಬದಲಿಸಿದ್ದೇನೆ.

ಆಕೆ ನಡುವಯಸ್ಸಿನವರು. ಪತಿಯ ದೀರ್ಘಕಾಲದ ಕಾಯಿಲೆಯ ಆರೈಕೆಯಲ್ಲಿದ್ದ ಅವರಿಗೆ, ಅಂಥದೇ ಹೊಣೆ ಹೊತ್ತವರ ಬಳಗವೊಂದು ಒಂಬತ್ತು ವರ್ಷ ಆಸರೆಯಾಗಿತ್ತು. ಅದು ತಿಂಗಳೊಳಗೆ ಮುಚ್ಚಲಿದೆಯೆಂದು ತಿಳಿದಂದಿನಿಂದ ಅವರು ರಾತ್ರಿಯಿಡೀ ಎಚ್ಚರವಿದ್ದು ಹಳೆಯ ಮಾತುಕತೆಗಳನ್ನೆಲ್ಲ ನಕಲು ಮಾಡಿಟ್ಟುಕೊಳ್ಳುತ್ತಿದ್ದರು.

ಮೂರನೆಯ ಭೇಟಿಯಲ್ಲಿ, ಇವುಗಳಲ್ಲಿ ಯಾವುದನ್ನು ಮುಂದೆ ನಿಜವಾಗಿ ಓದುವಿರಿ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಒಬ್ಬರದ್ದು ಮಾತ್ರ. ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರ ನಿಜವಾದ ಹೆಸರೂ ನನಗೆ ಗೊತ್ತಿಲ್ಲ. ಹೆಸರೇ ಗೊತ್ತಿಲ್ಲದವರಿಗಾಗಿ ಅಳುತ್ತಿದ್ದೇನೆಂದು ಮನೆಯಲ್ಲಿ ಹೇಗೆ ಹೇಳಲಿ?" ಎಂದರು. ಅಲ್ಲಿಯವರೆಗೆ ನಾನು ಇದನ್ನು ಆತಂಕವೆಂದೇ ಭಾವಿಸಿದ್ದೆ, ಅದು ನನ್ನ ತಪ್ಪು. ಆ ಗೆಳತಿಯ ಮಾತುಗಳು ಉಳಿದಿದ್ದುದು ಅಲ್ಲಿ ಮಾತ್ರ. ಬಳಗದ ಜೊತೆಗೆ ಆ ಗೆಳತಿ ಎರಡನೆಯ ಸಲ ಸಾಯುತ್ತಿದ್ದರು. ಸುತ್ತಲಿನವರು ದುಃಖವೆಂದು ಒಪ್ಪದ ಇಂಥ ದುಃಖವನ್ನು ಅಮೆರಿಕದ ಶೋಕ ಅಧ್ಯಯನ ತಜ್ಞ ಕೆನೆತ್ ಡೋಕಾ 1989ರಲ್ಲೇ ಗುರುತಿಸಿ ಹೆಸರಿಟ್ಟಿದ್ದರು.

ರಾತ್ರಿಯ ನಕಲು ನಿಲ್ಲಿಸಿ, ಆ ಗೆಳತಿ ನಿಮಗೆಂದೇ ಬರೆದದ್ದನ್ನಷ್ಟೇ ಉಳಿಸಿಕೊಳ್ಳಿ ಎಂದೆ. ಉಳಿದವರು ಬಳಗವನ್ನು ನಂಬಿ ಹೇಳಿಕೊಂಡ ಸಂಕಟಗಳನ್ನು ಅವರ ಒಪ್ಪಿಗೆಯಿಲ್ಲದೆ ಹೊತ್ತೊಯ್ಯಲು ನಮಗೆ ಹಕ್ಕಿಲ್ಲ. ಸಂಪರ್ಕದಲ್ಲಿರಲು ಬಯಸುವವರನ್ನು ಈಗಲೇ ಕೇಳಿ, ಕೊನೆಯ ದಿನ ಗೆಳತಿಗೊಂದು ಪತ್ರ ಬರೆದು ಅಲ್ಲಿಯೇ ಬಿಟ್ಟು ಬನ್ನಿ ಎಂದೂ ಸೂಚಿಸಿದೆ. ಇದು ಅವಲಂಬನೆಯನ್ನು ಬೆಳೆಸುತ್ತದೆ, ಬೇರೊಂದು ಬಳಗಕ್ಕೆ ಸೇರಿಸಿದರೆ ಸಾಕಿತ್ತು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ: ಮನೆಯಲ್ಲಿ ಸಾವಾದವರಿಗೆ ಹೊಸ ನೆಂಟರನ್ನು ಹುಡುಕಿಕೊಳ್ಳಿರೆಂದು ಯಾರೂ ಹೇಳುವುದಿಲ್ಲ.

ಬಳಗ ಮುಚ್ಚಿದ ವಾರ ಆಕೆ ಪತಿಗೆ ಎಲ್ಲವನ್ನೂ ಹೇಳಿದರಂತೆ. "ಅವರು ನಿನ್ನನ್ನು ಏನೆಂದು ಕರೆಯುತ್ತಿದ್ದರು?" ಎಂದು ಪತಿ ಕೇಳಿದರಂತೆ.