ಮಾಡೆಲ್ ರೈಲು ಶುರು ಮಾಡಲು ಮೊದಲು ಯಾವ ಎಂಜಿನ್ ಕೊಳ್ಳಲಿ? ಡಿಸಿ ಸಾಕಾ, ಡಿಸಿಸಿ ಬೇಕಾ?

8x4 ಅಡಿ ಹಲಗೆ, ಎಚ್‌ಒ ಅಳತೆ (ನಿಜ ರೈಲಿನ 87ರಲ್ಲಿ ಒಂದು ಪಾಲು), ಮೊದಲ ಎಂಜಿನ್ ಯಾವುದು ಅಂತ ಕೇಳಿದ್ದೀರಿ. ಡಿಸಿ ಅಂದರೆ ಹಳಿಯ ಕರೆಂಟನ್ನೇ ಏರಿಳಿಸಿ ಓಡಿಸುವುದು, ಡಿಸಿಸಿ ಅಂದರೆ ಒಂದೊಂದು ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸಿ ಓಡಿಸುವುದು. ಆರು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು. ತಿಂಗಳುಗಟ್ಟಲೆ ಎಂಜಿನ್ ಫೋಟೊ ನೋಡಿದೆ. ಹಲಗೆಯ ಬಗ್ಗೆ ಒಂದು ದಿನವೂ ಯೋಚಿಸಲಿಲ್ಲ.

ನಮ್ಮ ಮನೆ ಸಕಲೇಶಪುರದ ಹತ್ತಿರ. ಸುಬ್ರಹ್ಮಣ್ಯ ರೋಡ್ ಕಡೆಗೆ ಇಳಿಯುವ ಘಾಟಿ ರೈಲು ನೋಡುತ್ತ ಬೆಳೆದವನು ನಾನು. 57 ಸುರಂಗ, 50ಕ್ಕೆ 1ರ ಇಳಿಜಾರು. ಅದರ ಒಂದು ತುಂಡಾದರೂ ಮನೆಯಲ್ಲಿ ಕಟ್ಟಬೇಕು ಅಂತ ಆಸೆ. ಒಂದು ಸುರಂಗ, ಒಂದು ಸೇತುವೆ, ಸುತ್ತ ಕಾಡು, ಅಷ್ಟೇ.

ಅಂಗಡಿಯಿಂದ 12 ಮಿ.ಮೀ. ಎಂಡಿಎಫ್ ಹಲಗೆ ತಂದೆ, ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಮೇಲೆ ನಯವಾಗಿತ್ತು, ಬೆಲೆಯೂ ಕಮ್ಮಿ. ಬಣ್ಣ ಹಚ್ಚಲಿಲ್ಲ. ಹಳಿ ಹಾಕಿದ್ದು ಆಗಸ್ಟ್‌ನಲ್ಲಿ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ ಕಾಲ ಅದು. ಮಳೆ ಬಿಡುತ್ತಿರಲಿಲ್ಲ, ಕೈಗೆ ಬಿಡುವಿತ್ತು, ರಾತ್ರಿ ಎರಡು ಗಂಟೆಯವರೆಗೂ ಕೂತು ಮಾಡುತ್ತಿದ್ದೆ.

ಆಗಲೇ ನನ್ನ ತಪ್ಪು ಆಗಿದ್ದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬಗ್ಗುವ ಹಳಿ ಸುಮಾರು ಮೂರು ಅಡಿಯ ತುಂಡುಗಳಾಗಿ ಬರುತ್ತದೆ. ತುಂಡುಗಳನ್ನು ಸೇರಿಸುವುದು ಜಾಯಿನರ್ ಅನ್ನುವ ಚಿಕ್ಕ ತಗಡು. ಅದು ಸಡಿಲವಾದರೆ ಕರೆಂಟ್ ಸರಿಯಾಗಿ ಹೋಗುವುದಿಲ್ಲ, ಎಂಜಿನ್ ಅಲ್ಲಲ್ಲಿ ನಿಂತುಬಿಡುತ್ತದೆ. ಜಾಯಿಂಟಿಗೆ ಬೆಸುಗೆ ಹಾಕಿದರೆ ಈ ತೊಂದರೆ ಇಲ್ಲ ಅಂತ ಓದಿದ್ದೆ. ಅದು ನಿಜ ಕೂಡ. ಹಾಗಾಗಿ ಒಂದೂ ಬಿಡದೆ ಎಲ್ಲ ಜಾಯಿಂಟಿಗೂ ಬೆಸುಗೆ ಹಾಕಿದೆ. ಹಲಗೆಯ ಸುತ್ತ ಎಲ್ಲೂ ಸಂದಿಲ್ಲದ ಒಂದೇ ಲೋಹದ ಬಳೆ ಆಯಿತು. ಎರಡೇ ವೈರ್ ಕೊಟ್ಟೆ, ರೈಲು ಚೆನ್ನಾಗಿ ಓಡಿತು. ಮೇಲೆ ಜಲ್ಲಿ ಹಾಕಿ, ಫೆವಿಕಾಲ್ ನೀರು ಹನಿಸಿ ಗಟ್ಟಿ ಮಾಡಿದೆ.

ಮಾರ್ಚ್ ಬಂತು. ಹಲಗೆ ಒಣಗಿತು. ಮಳೆಗಾಲದಲ್ಲಿ ತೇವ ಕುಡಿದು ಹಿಗ್ಗಿದ್ದ ಹಲಗೆ ಈಗ ಕುಗ್ಗಿತು. ಆಮೇಲೆ ಟೇಪ್ ಹಿಡಿದು ನೋಡಿದಾಗ ಉದ್ದದಲ್ಲಿ 4 ಮಿ.ಮೀ. ಕಮ್ಮಿಯಾಗಿತ್ತು. ಹಳಿ ಕುಗ್ಗಲಿಲ್ಲ. ಬಿಸಿಲಿಗೆ ಅದು ಕೂದಲೆಳೆಯಷ್ಟು ಬೆಳೆದೇ ಇತ್ತು. ಕೆಳಗಿನ ಜಾಗ ಗಿಡ್ಡವಾಯಿತು, ಮೇಲಿನ ಹಳಿ ಉದ್ದ ಉಳಿಯಿತು. ಹೆಚ್ಚಾದ ಉದ್ದ ಎಲ್ಲಿಗೆ ಹೋಗಬೇಕು? ತಿರುವಿನಲ್ಲಿ ಹೊರಕ್ಕೆ ಉಬ್ಬಿತು. ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ಮೇಲೆ ಹಳಿ ಹಿಡಿದಿರುವ ಪ್ಲಾಸ್ಟಿಕ್ ಹಲ್ಲುಗಳು ಪಟಪಟ ಮುರಿದವು. ನಾನು ಪಕ್ಕದ ಕೋಣೆಯಲ್ಲಿದ್ದೆ. ರೈಲು ಓಡುತ್ತಿತ್ತು. ಎಂಜಿನ್ ಹಳಿ ತಪ್ಪಿ ಮೂರು ಅಡಿ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿತ್ತು. ವರ್ಷವಿಡೀ ಉಳಿಸಿ ತರಿಸಿದ ಎಂಜಿನ್ ಅದು. ಒಂದು ಗಾಲಿ ಬಾಗಿತು, ಗೇರ್ ಸೀಳಿತು. ಮತ್ತೆ ಓಡಲಿಲ್ಲ.

ತಪ್ಪು ಬಿಸಿಲಿನದು ಅಂದುಕೊಂಡೆ. ಲೆಕ್ಕ ಹಾಕಿದೆ. ಎರಡೂವರೆ ಮೀಟರ್ ಹಳಿ 15 ಡಿಗ್ರಿ ಹೆಚ್ಚು ಬಿಸಿಯಾದರೂ 1 ಮಿ.ಮೀ. ಕೂಡ ಬೆಳೆಯುವುದಿಲ್ಲ. ಉಳಿದದ್ದೆಲ್ಲ ಹಲಗೆಯ ತೇವದ ಆಟ.

ಪಕ್ಕದ ಮನೆಯಲ್ಲಿ ರೈಲ್ವೆ ಗ್ಯಾಂಗಿನಲ್ಲಿದ್ದು ರಿಟೈರ್ ಆದವರು ಒಬ್ಬರಿದ್ದಾರೆ, ನಾವೆಲ್ಲ ಮಾಮ ಅನ್ನುತ್ತೇವೆ. ಬಂದು ನೋಡಿದವರೇ ಕೇಳಿದರು, "ಸಂದು ಎಲ್ಲಿ ಬಿಟ್ಟಿದ್ದೀಯ ಮಾರಾಯ?" ಹಳೇ ರೈಲಿನ ಟಕಟಕ ಸದ್ದು ಹಳಿಗಳ ನಡುವಿನ ಆ ಸಂದಿನದೇ ಅಲ್ವಾ. ಚಿಕ್ಕಂದಿನಿಂದ ಕೇಳಿದ ಸದ್ದು ಅದು.

ಹಾಗಾಗಿ ಎಂಜಿನ್ ಪ್ರಶ್ನೆಯನ್ನು ಈಗ ಬದಿಗಿಡಿ ಅನ್ನುತ್ತೇನೆ. ಆ ದುಡ್ಡು ಮೊದಲು ಹಲಗೆಗೆ ಹೋಗಲಿ. ಎಂಡಿಎಫ್ ಬೇಡವೇ ಬೇಡ. 12 ಮಿ.ಮೀ. ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಜಗ್ಗದ) ಪ್ಲೈವುಡ್ ತನ್ನಿ, ಐಎಸ್ 710 ಅಂತ ಮುದ್ರೆ ಇರುತ್ತದೆ. ಕೆಳಗೆ ಒಂದೂಕಾಲು ಅಡಿಗೊಂದು ರೀಪರ್ ಪಟ್ಟಿ ಕೊಡಿಸಿ. ಮೇಲೆ, ಕೆಳಗೆ, ನಾಲ್ಕೂ ಅಂಚಿಗೆ ಎರಡು ಕೋಟ್ ಆಯಿಲ್ ಪೇಂಟ್ ಹೊಡೆಯಿರಿ. ಒಂದೇ ಬದಿಗೆ ಹೊಡೆದರೆ ಹಲಗೆ ಸೊಟ್ಟಗಾಗುತ್ತದೆ.

ಬೆಸುಗೆ ತಿರುವಿನಲ್ಲಿ ಮಾತ್ರ. ಎರಡು ತುಂಡು ನೇರವಾಗಿದ್ದಾಗಲೇ ಬೆಸೆದು ಆಮೇಲೆ ಬಗ್ಗಿಸಿ, ಆಗ ಜಾಯಿಂಟ್ ಹತ್ತಿರ ಕೋನ ಬೀಳುವುದಿಲ್ಲ. ನೇರ ದಾರಿಯ ಜಾಯಿಂಟುಗಳನ್ನು ಸಡಿಲ ಬಿಡಿ. ಹಳೇ ಮದುವೆ ಕಾಗದದ ತುಂಡು ಮಧ್ಯೆ ಇಟ್ಟು ಹಳಿ ಕೂರಿಸಿ, ಆಮೇಲೆ ತೆಗೆಯಿರಿ. ಅಷ್ಟು ಸಂದು ಬೇಸಿಗೆಯಲ್ಲಿ ಹಾಕಿದರೆ ಸಾಕು, ಯಾಕೆಂದರೆ ಆಗ ಹಲಗೆ ಕುಗ್ಗಿರುತ್ತದೆ, ಮುಂದೆ ಸಂದು ಅಗಲವಾಗುತ್ತದೆಯೇ ಹೊರತು ಮುಚ್ಚುವುದಿಲ್ಲ. ಮಳೆಗಾಲದಲ್ಲೇ ಹಾಕಬೇಕಾದರೆ ಪ್ರತಿ ಜಾಯಿಂಟಿಗೂ ಮೂರು ಕಾಗದ ಇಡಿ. ಸಡಿಲ ಜಾಯಿಂಟ್ ಅಂದಮೇಲೆ ಅದನ್ನು ನಂಬಿ ಕರೆಂಟ್ ಕಳಿಸಬೇಡಿ. ಬೆಸೆದ ಪ್ರತಿ ಭಾಗಕ್ಕೂ ಕೆಳಗಿನಿಂದ ಬೇರೆ ಎರಡು ವೈರ್ ಕೊಡಿ. ನಾನು ಉಳಿಸಲು ಹೋದ ಕೆಲಸ ಇದೇ.

ಬೆಸುಗೆಗೆ 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಲದು, 40 ತಗೊಳ್ಳಿ. ಕಮ್ಮಿ ವ್ಯಾಟ್‌ದಾದರೆ ಹಳಿ ಕಾಯಲು ಹೊತ್ತು ಹಿಡಿದು ಸ್ಲೀಪರ್ ಕರಗುತ್ತದೆ. ಎರಡೂ ಪಕ್ಕ ಒದ್ದೆ ಬಟ್ಟೆ ಇಟ್ಟು, ರಾಳದ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್) ಹಚ್ಚಿ, ಎರಡು ಸೆಕೆಂಡಿನಲ್ಲಿ ಮುಗಿಸಿ. ಆಸಿಡ್ ಫ್ಲಕ್ಸ್ ಮುಟ್ಟಬೇಡಿ, ಉಳಿದದ್ದು ವೈರನ್ನು ತಿನ್ನುತ್ತದೆ. ಹಳಿ ನಿಕಲ್ ಸಿಲ್ವರ್‌ನದೇ ಇರಲಿ. ಹೆಸರಿಗೆ ಸಿಲ್ವರ್, ಆದರೆ ಅದು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ಹಿತ್ತಾಳೆ ಹಳಿ ಬೇಗ ಕಪ್ಪಾಗಿ ಕರೆಂಟ್ ತಡೆಯುತ್ತದೆ. ಜಲ್ಲಿಗೆ ಎಂ-ಸ್ಯಾಂಡ್ ಜರಡಿ ಹಿಡಿದರೆ ಆಯಿತು, ಆದರೆ ಮೊದಲು ಅಯಸ್ಕಾಂತ ಓಡಿಸಿ. ಕಬ್ಬಿಣದ ಪುಡಿ ಇದ್ದರೆ ಮೋಟಾರಿನೊಳಗೆ ಹೋಗಿ ಅಂಟುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವವರೆಗೆ ಜಲ್ಲಿ ಅಂಟಿಸಲೇಬೇಡಿ. ನಾನು ಬೇಗ ಅಂಟಿಸಿದ್ದಕ್ಕೆ ಒಂದು ಸ್ಲೀಪರ್ ಕೂಡ ಉಳಿಸಿಕೊಳ್ಳಲು ಆಗಲಿಲ್ಲ.

ಡಿಸಿ ಸಾಕು. ಒಂದೇ ಹಳಿಯಲ್ಲಿ ಎರಡು ಎಂಜಿನ್ ಬೇರೆ ಬೇರೆಯಾಗಿ ಓಡಿಸುವ ದಿನ ಬಂದಾಗ ಡಿಸಿಸಿ ನೋಡಿಕೊಳ್ಳಿ. ಎಂಜಿನ್ ನಿಮಗೆ ಇಷ್ಟವಾದ ಯಾವುದಾದರೂ ಆಗಲಿ. ನಮ್ಮ ಬ್ರಾಡ್ ಗೇಜ್ ಎಚ್‌ಒ ಲೆಕ್ಕದಲ್ಲಿ 19 ಮಿ.ಮೀ. ದಾಟುತ್ತದೆ, ಸಿಗುವ ಹಳಿ 16.5. ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಂಡರೆ ಯಾವತ್ತೂ ಶುರುವಾಗುವುದಿಲ್ಲ.

ನಿಮ್ಮದು ಯಾವ ಊರು, ಕೋಣೆ ಮಹಡಿ ಮೇಲಿದೆಯಾ, ಯಾವ ತಿಂಗಳಲ್ಲಿ ಹಳಿ ಹಾಕುತ್ತೀರಿ, ಇಷ್ಟು ಬರೆಯಿರಿ. ನಿಮ್ಮ ನಕ್ಷೆ ಹಾಕಿದರೆ ಎಲ್ಲೆಲ್ಲಿ ಸಂದು ಬಿಡಬೇಕು ಅಂತ ಗುರುತು ಮಾಡಿಕೊಡುತ್ತೇನೆ.