ಹಳೆ ರಟ್ಟು, ಬಟ್ಟೆ, ಒಲೆ ಬೂದಿಯನ್ನು ಕುಂಡದ ಮಣ್ಣಿಗೆ ಬೆರೆಸಬಹುದಾ?

ರಟ್ಟಿನ ಡಬ್ಬ, ಪೇಪರ್ ಚೂರು ಮಾಡಿ ಕುಂಡದ ಮಣ್ಣಿಗೆ ಬೆರೆಸಿದೆ, ತಿಂಗಳಾಗುವಷ್ಟರಲ್ಲಿ ಟೊಮೆಟೊ ಗಿಡದ ಕೆಳಗಿನ ಎಲೆಗಳು ಹಳದಿಯಾದವು, ಹಳೆ ಬನಿಯನ್, ಹಂಡೆ ಒಲೆಯ ಬೂದಿಯನ್ನೂ ಹಾಕಬಹುದಾ ಅಂತ ಕೇಳಿದ್ದೀರಿ.

ರಟ್ಟು ಕೆಟ್ಟದ್ದಲ್ಲ, ಕೊಳೆಸದೆ ಹಾಗೇ ಬೆರೆಸಿದ್ದು ತಪ್ಪು. ರಟ್ಟಿನಲ್ಲಿ ಸಾರಜನಕಕ್ಕಿಂತ ಇಂಗಾಲ ನೂರಾರು ಪಟ್ಟು ಹೆಚ್ಚು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಸುತ್ತಲಿನ ಮಣ್ಣಿಂದ ಎಳೆದುಕೊಳ್ಳುತ್ತವೆ. ಆಗ ಗಿಡ ಹಳೆ ಎಲೆಯಲ್ಲಿದ್ದದ್ದನ್ನೇ ಚಿಗುರಿಗೆ ಸಾಗಿಸುತ್ತದೆ. ಹಾಗಾಗಿ ಕೆಳಗಿನ ಎಲೆಗೇ ಮೊದಲು ಹಳದಿ. ಈಗ ಕೈಗೆ ಸಿಗುವ ಚೂರುಗಳನ್ನು ಆರಿಸಿ ತೆಗೆಯಿರಿ. 50 ಗ್ರಾಂ ಕಡಲೆಕಾಯಿ ಹಿಂಡಿಯನ್ನು 1 ಲೀಟರ್ ನೀರಲ್ಲಿ 2 ದಿನ ನೆನೆಸಿ, 5 ಲೀಟರ್‌ಗೆ ತೆಳುಮಾಡಿ, ಕುಂಡಕ್ಕೆ ಅರ್ಧ ಲೀಟರ್ ಹಾಕಿ. 10 ದಿನ ಬಿಟ್ಟು ಇನ್ನೊಮ್ಮೆ. ಹಳದಿಯಾದ ಎಲೆ ಮತ್ತೆ ಹಸಿರಾಗುತ್ತೆ ಅಂತ ಕಾಯಬೇಡಿ, ಚಿಗುರು ನೋಡಿ.

ಉಳಿದ ರಟ್ಟನ್ನು ಗೊಬ್ಬರ ಮಾಡಿಯೇ ಬಳಸಿ. 20 ಲೀಟರ್‌ನ ಹಳೆ ಬಕೆಟ್‌ನ ತಳಕ್ಕೂ ಪಕ್ಕಕ್ಕೂ 15-20 ತೂತು ಹಾಕಿ. ರಟ್ಟಿನ ಟೇಪು, ಪಿನ್ನು ಕಿತ್ತು, ನೀರಲ್ಲಿ ಅದ್ದಿ, ಎರಡು ಬೆರಳಗಲ ಹರಿಯಿರಿ. ಒಣಗಿದ್ದಾಗ ಹರಿಯಹೋದರೆ ಕೈ ನೋವೇ ಲಾಭ. ತಳಕ್ಕೆ 3 ಇಂಚು ರಟ್ಟು, ಆಮೇಲೆ ಒಂದು ಪಾತ್ರೆ ತರಕಾರಿ ಸಿಪ್ಪೆಗೆ ಅದೇ ಪಾತ್ರೆಯಲ್ಲಿ ಎರಡರಷ್ಟು ರಟ್ಟು. ಶುರುವಿಗೆ ಎರಡು ಹಿಡಿ ಹಳೆ ಗೊಬ್ಬರವೋ ತೋಟದ ಮಣ್ಣೋ ಸಾಕು, ಅಂಗಡಿಯ ಕಲ್ಚರ್ ಪುಡಿಗೆ (ಕೊಳೆಸುವ ಸೂಕ್ಷ್ಮಜೀವಿಗಳ ಪುಡಿ) ದುಡ್ಡು ಸುರಿಯಬೇಕಿಲ್ಲ. 4-5 ದಿನಕ್ಕೊಮ್ಮೆ ತಿರುವಿ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಹದ ಸರಿ. ಧಾರೆ ಇಳಿದರೆ ಕೆಲವೇ ದಿನದಲ್ಲಿ ಕೊಳೆತ ಮೊಟ್ಟೆಯ ವಾಸನೆ ಖಚಿತ, ಒಣ ರಟ್ಟು ಸೇರಿಸಿ ಬುಡಮೇಲು ಮಾಡಿ. ಇರುವೆ ಮುತ್ತಿದರೆ ಒಣಗಿದೆ ಎಂದರ್ಥ, ನೀರು ಚಿಮುಕಿಸಿ.

ಸುಮಾರು ಮೂರು ತಿಂಗಳಿಗೆ ಕಪ್ಪಗೆ, ಮಣ್ಣಿನ ವಾಸನೆ ಬರುವ ಹಾಗೆ ಆಗುತ್ತದೆ. ಆದರೂ ಬಣ್ಣ ನಂಬಬೇಡಿ. ಒಂದು ಲೋಟ ಗೊಬ್ಬರಕ್ಕೆ ಅಷ್ಟೇ ಮಣ್ಣು ಬೆರೆಸಿ 10 ಮೆಂತ್ಯ ಕಾಳು ಬಿತ್ತಿ, ಪಕ್ಕದಲ್ಲಿ ಬರೀ ಮಣ್ಣಲ್ಲೂ 10 ಬಿತ್ತಿ. ಎರಡೂ ಒಂದೇ ಥರ ಮೊಳೆತರೆ ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಬಳಸಿ. ಗೊಬ್ಬರದ್ದು ಸೊರಗಿದರೆ ಇನ್ನೂ ಮೂರು ವಾರ ಬಿಡಿ.

ಬನಿಯನ್ ಪೂರ್ತಿ ಹತ್ತಿಯದ್ದಾದರೆ ಮಾತ್ರ ಆ ಗೊಬ್ಬರದ ಬಕೆಟ್‌ಗೆ ಹಾಕಿ. ಒಂದು ಎಳೆಗೆ ಬೆಂಕಿ ತೋರಿಸಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಕರಗಿ ಗಟ್ಟಿ ಉಂಡೆಯಾದರೆ ಪಾಲಿಯೆಸ್ಟರ್, ಅದು ಮಣ್ಣಲ್ಲಿ ಕೊಳೆಯುವುದಿಲ್ಲ. ಎಲಾಸ್ಟಿಕ್ ಇದ್ದರೆ ಅದನ್ನೂ, ಹೊಲಿಗೆ ದಾರವನ್ನೂ ಕತ್ತರಿಸಿ ತೆಗೆಯಿರಿ. ಪೇಪರ್ ಕಪ್ ಕೂಡ ಬೇಡ, ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ.

ಬೂದಿಯಲ್ಲಿ ಕೈ ಬಿಗಿ ಇರಲಿ. ಪೊಟ್ಯಾಷ್, ಸುಣ್ಣದಂಶ ಎರಡೂ ಇವೆ, ಆದರೆ ಬಲವಾದ ಕ್ಷಾರ. 12 ಇಂಚಿನ ಕುಂಡಕ್ಕೆ ಮೂರು ತಿಂಗಳಿಗೊಮ್ಮೆ ಜರಡಿ ಹಿಡಿದದ್ದು ಒಂದು ಚಮಚ. ಕರಾವಳಿ, ಮಲೆನಾಡಿನ ಹುಳಿ ಮಣ್ಣಿಗೆ ಇದು ಒಳ್ಳೆಯದೇ. ಬಯಲುಸೀಮೆಯ ಎರೆ ಮಣ್ಣು ಮೊದಲೇ ಕ್ಷಾರ, ಅಲ್ಲಿ ಹಾಕಲೇಬೇಡಿ. ಯೂರಿಯಾ, ಹಸಿ ಸಗಣಿ ಜೊತೆ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಮೂಗಿಗೇ ಗೊತ್ತಾಗುತ್ತೆ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರೋ ಬಣ್ಣ ಬಳಿದ ಪ್ಲೈವುಡ್ಡೋ ಹಾಕುವ ಅಭ್ಯಾಸವಿದ್ದರೆ ಆ ಬೂದಿ ತಿನ್ನುವ ಗಿಡಕ್ಕೆ ಸಲ್ಲ.